ಪಾದದಿಂದ ಮೇಲಕ್ಕೆ

ಬೆಳಗಿನ ಐದೂವರೆಗೆ ಚಾಮುಂಡಿಬೆಟ್ಟದ ಪಾದದಲ್ಲಿ ಬೀದಿದೀಪ ಇನ್ನೂ ಆರಿರುವುದಿಲ್ಲ. ಸ್ಕೂಟರುಗಳ ಸಾಲು ಮಾತ್ರ ಆಗಲೇ ಬೆಳೆದಿರುತ್ತದೆ. ಚಪ್ಪಲಿ ಕಳಚಿ, ಮೊದಲ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ಒಂದು ಕಡೆ. ಶೂ ಲೇಸು ಬಿಗಿದು, ಕೈಗಡಿಯಾರದ ಗುಂಡಿ ಒತ್ತಿ ಓಟ ಕೀಳುವವರು ಇನ್ನೊಂದು ಕಡೆ. ಇಬ್ಬರಿಗೂ ಇರುವುದು ಅದೇ ಸಾವಿರ ಮೆಟ್ಟಿಲು. ಸಾವಿರವೋ, ಸಾವಿರದ ಎಂಟೋ ಎಂದು ಎಣಿಸಹೊರಟವರಲ್ಲಿ ಒಮ್ಮತವಿಲ್ಲ. ಆರುನೂರು ದಾಟುವಷ್ಟರಲ್ಲಿ ಏದುಸಿರಿಗೆ ಲೆಕ್ಕ ತಪ್ಪುವುದೇ ಹೆಚ್ಚು.

ಹದಿನೇಳನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಮೆಟ್ಟಿಲುಗಳಿವು. ಒಂದು ಗೇಣೆತ್ತರ, ಮುಂದಿನದು ಅದರ ಅರ್ಧ, ಅದರ ಮುಂದಿನದು ಓರೆ. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಪಳಗಿದ ಕಾಲಿಗೆ ಈ ಏರುಪೇರು ಒಗ್ಗುವುದಿಲ್ಲ. ಮೊದಲ ಮುನ್ನೂರು ಮೆಟ್ಟಿಲಂತೂ ನೆಟ್ಟಗೆ ಎದೆಗೇ ಬರುತ್ತವೆ. ಹೊಸಬರು ಗೊತ್ತಾಗುವುದು ಇಲ್ಲಿಯೇ: ಮಾತಾಡುತ್ತ ಹೊರಟವರು ಮೌನವಾಗುತ್ತಾರೆ, ಸೆಲ್ಫಿ ನೆಪದಲ್ಲಿ ನಿಲ್ಲುತ್ತಾರೆ. ಹಳಬರು ನಿಲ್ಲುವುದಿಲ್ಲ, ಓಡುವುದೂ ಇಲ್ಲ. ಬಂಡೆಯ ಮಗ್ಗುಲಲ್ಲಿ ಬಾಟಲಿ ಎತ್ತಿ ನೀರು ಗುಟುಕರಿಸುತ್ತಿದ್ದ ಹುಡುಗ, “ಅಜ್ಜಿ, ಇನ್ನೂ ಎಷ್ಟಿದೆ?” ಅನ್ನುತ್ತಾನೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಅವನನ್ನು ದಾಟಿದ ಅಜ್ಜಿ ತಿರುಗಿಯೂ ನೋಡದೆ, “ಇನ್ನೇನು ಬಂದೇಬಿಡ್ತು ಕಣಪ್ಪ” ಅನ್ನುತ್ತಾರೆ. ಅದು ಹಸೀ ಸುಳ್ಳು. ಈ ಬೆಟ್ಟದಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಸುಳ್ಳು ಕೂಡ.

ಹರಕೆ ಹೊತ್ತವರ ನಡಿಗೆಯೇ ಬೇರೆ. ಬಾಗಿ ಒಂದು ಮೆಟ್ಟಿಲಿಗೆ ಅರಿಶಿನ, ಕುಂಕುಮ. ಮತ್ತೆ ಬಾಗಿ ಇನ್ನೊಂದಕ್ಕೆ. ಇಪ್ಪತ್ತೈದು ನಿಮಿಷದಲ್ಲಿ ಹತ್ತಿದೆನೆಂದು ಬೀಗುವ ಓಟಗಾರನಿಗಿಂತ, ಸಾವಿರ ಸಲ ಬಾಗಿ ಎದ್ದು ಮೇಲೆ ಮುಟ್ಟುವ ಈ ಹೆಂಗಸರ ಸೊಂಟವೇ ಗಟ್ಟಿಯೆಂದು ನನ್ನ ಲೆಕ್ಕ. ಹೊತ್ತೇರುವಾಗ ಕಲ್ಲಿನ ಅಂಚುಗಳೆಲ್ಲ ಹಳದಿ, ಕೆಂಪು.

ಸುಮಾರು ಏಳುನೂರನೇ ಮೆಟ್ಟಿಲಿಗೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಹದಿನೈದು ಅಡಿಗೂ ಮಿಕ್ಕ ಎತ್ತರ. ಕೊರಳಲ್ಲಿ ಗಂಟೆಸರ, ಗೆಜ್ಜೆಸರ, ಹಿಂದೆಯೇ ಗುಹೆಯೊಳಗೊಬ್ಬ ಶಿವ. ಕಾರ್ತಿಕದಲ್ಲಿ ಮಹಾಭಿಷೇಕದ ದಿನ ಬಂದರೆ ಹಾಲಿಗೆ ಬಿಳಿ, ಅರಿಶಿನಕ್ಕೆ ಹಳದಿ, ಕುಂಕುಮಕ್ಕೆ ಕೆಂಪಾಗಿ ಈ ಬಸವ ಗಳಿಗೆಗೊಂದು ಬಣ್ಣ ತಳೆಯುತ್ತಾನೆ. ಮಿಕ್ಕ ದಿನಗಳಲ್ಲಿ ಅವನ ಮುಂದಿನ ಕಟ್ಟೆ ಕಾಲು ನೀವಿಕೊಳ್ಳುವವರದು. ಸೌತೆಕಾಯಿಗೆ ಉಪ್ಪು-ಖಾರ ಸವರಿಸಿಕೊಂಡು ಕೂತವರ ಕೈಮೇಲೆ ಕೋತಿಗಳ ಕಣ್ಣು.

ಮಂಡಿನೋವಿನವರು, ಪುಟ್ಟ ಮಕ್ಕಳನ್ನು ಕಟ್ಟಿಕೊಂಡವರು ಇಲ್ಲಿಯವರೆಗೆ ಕಾರಿನಲ್ಲೇ ಬರಬಹುದು. ಮಿಕ್ಕ ಮುನ್ನೂರು ಮೆಟ್ಟಿಲು ಅಷ್ಟು ಕಡಿದಲ್ಲ. ನಡುವೆ ಮರದ ನೆರಳಿದೆ. ಬೆಟ್ಟ ಹತ್ತಿದ ಸಮಾಧಾನಕ್ಕೆ ಅಷ್ಟು ಸಾಕು, ಯಾರೂ ಸರ್ಟಿಫಿಕೇಟು ಕೇಳುವುದಿಲ್ಲ. ಮೆಟ್ಟಿಲೇ ಬೇಡವೆನ್ನುವವರಿಗೆ ಬಳಸಿಕೊಂಡು ಏರುವ ಡಾಂಬರು ರಸ್ತೆ. ಊರಿಗಿಂತ ಮುನ್ನೂರು ಮೀಟರಿನಷ್ಟು ಎತ್ತರವನ್ನು ಅದು ತಿರುವು ತಿರುವಾಗಿ, ನಿಧಾನವಾಗಿ ಏರುತ್ತದೆ. ಮುಂಜಾನೆ ಅಲ್ಲಿ ಸೈಕಲ್ಲಿನವರ ರಾಜ್ಯ: ಸೀಟಿನಿಂದೆದ್ದು ಪೆಡಲ್ ತುಳಿಯುತ್ತ ಮೈಯೆಲ್ಲ ಬೆವರಾದವರು ಮೇಲಕ್ಕೆ, ಗಾಳಿಗೆ ಕಣ್ಣು ಕಿರಿದು ಮಾಡಿದವರು ಕೆಳಕ್ಕೆ. ತಿರುವಿನಲ್ಲಿ ನಿಂತರೆ ಲಲಿತಮಹಲಿನ ಬಿಳಿ ಗುಮ್ಮಟ, ಕಾರಂಜಿ ಕೆರೆ, ಮಂಜು ಸರಿದ ದಿನ ಫಿಲೋಮಿನಾ ಚರ್ಚಿನ ಜೋಡಿ ಶಿಖರ.

ಈ ಮೆಟ್ಟಿಲು, ರಸ್ತೆಗಳನ್ನು ಬಿಟ್ಟು ಪೊದೆಯೊಳಗೆ ದಾರಿ ಹುಡುಕುವ ಹುಮ್ಮಸ್ಸು ಮಾತ್ರ ಬೇಡ. ಇದು ಮೀಸಲು ಅರಣ್ಯ, ಇಲ್ಲಿ ಚಿರತೆಗಳಿವೆ. ಬೆಟ್ಟವೂ ತನ್ನ ಸಹನೆಯ ಮಿತಿ ತೋರಿಸಿದೆ: 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಯ ರಸ್ತೆಯೇ ಕುಸಿದು ಕೆಳಗಿಳಿಯಿತು. ಆದರೂ ರೋಪ್‌ವೇ ಮಾತು ಆಗಾಗ ತಲೆಯೆತ್ತುತ್ತದೆ, ಮೈಸೂರಿನವರು ವಿರೋಧಿಸುತ್ತಾರೆ. ಮುದುಕರಿಗೆ ಬಸ್ಸು, ಗಟ್ಟಿಗರಿಗೆ ಮೆಟ್ಟಿಲು, ನಡುವಿನವರಿಗೆ ನಂದಿ ಇರುವ ಬೆಟ್ಟಕ್ಕೆ ತಂತಿಯ ತೊಟ್ಟಿಲು ಯಾರಿಗಾಗಿ ಎಂಬುದು ನನಗೂ ಬಗೆಹರಿದಿಲ್ಲ.

ಆಷಾಢದ ಶುಕ್ರವಾರ ನಡಿಗೆಯ ಸುಖಕ್ಕಾಗಿ ಬರುವ ದಿನವಲ್ಲ. ಅಂದು ಖಾಸಗಿ ವಾಹನ ಮೇಲೆ ಬಿಡುವುದಿಲ್ಲ. ಲಲಿತಮಹಲ್ ಮೈದಾನದಿಂದ ಬಸ್ಸುಗಳು ಜನರನ್ನು ತುಂಬಿಕೊಂಡು ಹೊರಡುತ್ತವೆ. ಮೆಟ್ಟಿಲ ಮೇಲೂ ಭುಜಕ್ಕೆ ಭುಜ. ಅಲ್ಲಿ ಹಿಂದಿನವರು ನೂಕಿದಂತೆ ನಿಮ್ಮ ವೇಗ.

ಮೇಲೆ ಕತ್ತಿ ಒಂದು ಕೈಲಿ, ಹಾವು ಇನ್ನೊಂದು ಕೈಲಿ ಹಿಡಿದ ಮಹಿಷಾಸುರ. ಅವನಿಗಿಂತ ಮುಂದೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಏಳಂತಸ್ತಿನ ಗೋಪುರ. ದರ್ಶನ ಮುಗಿಸಿ, ಚುರುಮುರಿ ಮುಕ್ಕಿ, ಮತ್ತೆ ಮೆಟ್ಟಿಲ ತಲೆಗೆ ಬಂದಾಗ ಅಸಲು ಪರೀಕ್ಷೆ ಶುರು. ಹತ್ತುವಾಗ ಉಸಿರು ಕೇಳುವ ಬೆಟ್ಟ ಇಳಿಯುವಾಗ ಮಂಡಿ ಕೇಳುತ್ತದೆ. ಇನ್ನೂರು ಮೆಟ್ಟಿಲಿಳಿಯುವುದರೊಳಗೆ ಮೀನಖಂಡ ಹಿಡಿದು ತೊಡೆ ನಡುಗುತ್ತದೆ. ಅದಕ್ಕೇ ದಿನಾ ಬರುವ ಹಿರಿಯರು ಮೆಟ್ಟಿಲು ಹತ್ತಿ ಬಂದು, ಬೆವರೊರೆಸಿಕೊಂಡು, ಚಿಲ್ಲರೆ ಎಣಿಸುತ್ತ ನೇರವಾಗಿ ಬಸ್ ನಿಲ್ದಾಣಕ್ಕೆ ನಡೆಯುತ್ತಾರೆ. 201 ನಂಬರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೆ ಮೊದಲೇ ಗೊತ್ತು.