‘ಉದ್ಭವಿಸುವುದಿಲ್ಲ’ ಎನ್ನಲಾಗದಂತೆ ಕೇಳಬೇಕು

‘ಶೂನ್ಯವೇಳೆ ಯಾವ ದೇಶದ ಸಂಸತ್ತಿನ ಕೊಡುಗೆ?’ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯಾರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ‘ಭಾರತ’ ಎನ್ನುತ್ತಾರೆ. ಲೋಕಸಭೆಯಲ್ಲಿ ದಿನದ ಮೊದಲ ಗಂಟೆ ಯಾವುದಕ್ಕೆ ಮೀಸಲು? ಪ್ರಶ್ನೋತ್ತರಕ್ಕೆ. ಚುಕ್ಕೆ ಗುರುತಿನ ಪ್ರಶ್ನೆಗೆ ಎಂಥ ಉತ್ತರ? ಮೌಖಿಕ. ಚುಕ್ಕೆ ಇಲ್ಲದ್ದಕ್ಕೆ? ಲಿಖಿತ. ಓಎಂಆರ್ ಹಾಳೆಯಲ್ಲಿ ಒಂದು ವೃತ್ತ ತುಂಬಿ ಮುಂದಿನ ಪ್ರಶ್ನೆಗೆ ಹೋಗುತ್ತೇವೆ.

ನಾನೂ ಪದವಿ ಮುಗಿಸಿ ನೇಮಕಾತಿ ಅಧಿಸೂಚನೆಗಳಿಗೆ ಕಾಯುತ್ತಿರುವವಳು. ಪುಸ್ತಕದಲ್ಲಿ ಓದಿದ ಈ ಪ್ರಶ್ನೋತ್ತರ ನಿಜಕ್ಕೂ ಹೇಗಿರುತ್ತದೆ ಎಂಬ ಕುತೂಹಲಕ್ಕೆ ಸದನದಲ್ಲಿ ಮಂಡನೆಯಾದ ಉತ್ತರಗಳನ್ನು ಓದತೊಡಗಿದೆ. ಎಷ್ಟು ಹುದ್ದೆ ಖಾಲಿ, ಎಷ್ಟು ಹಣ ಬಂತು, ಹಾಸ್ಟೆಲ್ ಕಟ್ಟಡ ಏಕೆ ಅರ್ಧಕ್ಕೆ ನಿಂತಿತು ಎಂದು ನಾವು ಚಹಾ ಅಂಗಡಿಯಲ್ಲಿ ವಾದಿಸುವ ಎಷ್ಟೋ ವಿಷಯಗಳಿಗೆ ಅಲ್ಲಿ ಸಚಿವರೇ ಹೊಣೆ ಹೊತ್ತು ಕೊಟ್ಟ ಉತ್ತರವಿದೆ. ಕೆಲವೊಮ್ಮೆ ಉತ್ತರವೇ ಇಲ್ಲದ ಉತ್ತರವೂ ಇದೆ. ಇವೆರಡರ ನಡುವಿನ ವ್ಯತ್ಯಾಸ ಬಹುಪಾಲು ಪ್ರಶ್ನೆಯಲ್ಲೇ ಇರುತ್ತದೆ. ನಾನು ಹೇಳಹೊರಟಿರುವುದು ಅದನ್ನೇ.

ಒಂದು ಉತ್ತರದ ತೂಕ

2022ರ ಜುಲೈನಲ್ಲಿ ಕೇಂದ್ರ ಸಿಬ್ಬಂದಿ ಖಾತೆ ರಾಜ್ಯ ಸಚಿವ ಜಿತೇಂದ್ರ ಸಿಂಗ್ ಅವರು ಲೋಕಸಭೆಗೆ ಒಂದು ಲಿಖಿತ ಉತ್ತರ ಕೊಟ್ಟರು. 2014ರಿಂದ 2022ರವರೆಗಿನ ಎಂಟು ವರ್ಷಗಳಲ್ಲಿ ಕೇಂದ್ರ ಸರ್ಕಾರಿ ಹುದ್ದೆಗಳಿಗೆ ಬಂದ ಅರ್ಜಿಗಳು 22.05 ಕೋಟಿ. ನೇಮಕಕ್ಕೆ ಶಿಫಾರಸಾದವರು 7.22 ಲಕ್ಷ. ಭಾಗಿಸಿ ನೋಡಿದರೆ ಸುಮಾರು 305 ಅರ್ಜಿಗಳಿಗೆ ಒಂದು ಕೆಲಸ. ಒಬ್ಬರೇ ಹಲವು ಅರ್ಜಿ ಹಾಕಿರುತ್ತಾರೆ ನಿಜ. ಆದರೂ ‘ಕಾಂಪಿಟಿಷನ್ ಜಾಸ್ತಿ ಆಗಿದೆ’ ಎಂಬ ಮಾತಿಗೂ ಈ ಲೆಕ್ಕಕ್ಕೂ ಬಹಳ ಅಂತರವಿದೆ.

ಆ ಉತ್ತರದಲ್ಲಿ ವರ್ಷವಾರು ಪಟ್ಟಿಯೂ ಇತ್ತು. 2018-19ರಲ್ಲಿ ಐದು ಕೋಟಿಗೂ ಹೆಚ್ಚು ಅರ್ಜಿಗಳು ಬಂದಿದ್ದವು, ಆಯ್ಕೆಯಾದವರು 38,100. ಎಂಟು ವರ್ಷದ ಮೊತ್ತ ಮಾತ್ರ ಸಿಕ್ಕಿದ್ದರೆ ಈ ಏರಿಳಿತ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅದೇ ದಿನಗಳಲ್ಲಿ ಸದನಕ್ಕೆ ಬಂದ ಇನ್ನೊಂದು ಲೆಕ್ಕ ಹೀಗಿದೆ: 2021ರ ಮಾರ್ಚ್ 1ಕ್ಕೆ ಕೇಂದ್ರದಲ್ಲಿ ಮಂಜೂರಾದ ಹುದ್ದೆಗಳು 40,35,203, ಕೆಲಸದಲ್ಲಿದ್ದವರು 30,55,876. ಅಂದರೆ 9.79 ಲಕ್ಷ ಹುದ್ದೆ ಖಾಲಿ. ಈ ಅಂಕಿ ಆಮೇಲೆ ಪತ್ರಿಕೆಗಳ ಮುಖಪುಟದಲ್ಲಿ, ಪ್ರತಿಭಟನೆಯ ಫಲಕಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ಬಂತು. ಅದು ಯಾರದೋ ಅಂದಾಜಾಗಿದ್ದರೆ ಸರ್ಕಾರ ಸುಲಭವಾಗಿ ತಳ್ಳಿಹಾಕುತ್ತಿತ್ತು. ಸದನಕ್ಕೆ ಕೊಟ್ಟ ಮಾಹಿತಿಯನ್ನು ಹಾಗೆ ತಳ್ಳಿಹಾಕಲು ಬರುವುದಿಲ್ಲ. ಸದನಕ್ಕೆ ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ಕೊಟ್ಟರೆ ಅದು ಹಕ್ಕುಚ್ಯುತಿಯಾಗುತ್ತದೆ.

ಎರಡು ಕಾಲಂನ ಹಾಳೆ

ಲೋಕಸಭೆಯಲ್ಲಿ ಪ್ರಶ್ನೆ ಕೇಳಬೇಕಾದರೆ ಸದಸ್ಯರು ಕನಿಷ್ಠ 15 ದಿನ ಮುಂಚೆ ಸೂಚನೆ ಕೊಡಬೇಕು. ಬಂದ ರಾಶಿಯಲ್ಲಿ ಚೀಟಿ ಎತ್ತಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆಗಳನ್ನು ಪಟ್ಟಿಗೆ ಸೇರಿಸುತ್ತಾರೆ. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮೇಲಿಂದ ಬರುವ ಉಪಪ್ರಶ್ನೆಗಳನ್ನೂ ಎದುರಿಸಬೇಕು. ಸಚಿವರಿಗೆ ಇಲಾಖೆ ಎಷ್ಟು ಗೊತ್ತು ಎಂಬುದು ಬಯಲಾಗುವುದು ಆ ಉಪಪ್ರಶ್ನೆಗಳಲ್ಲೇ, ಏಕೆಂದರೆ ಅವು ಮೊದಲೇ ಗೊತ್ತಿರುವುದಿಲ್ಲ. ಸಮಯ ಸಾಲದೆ ಉಳಿದ ಪ್ರಶ್ನೆಗಳಿಗೂ ಲಿಖಿತ ಉತ್ತರ ಸದನದ ಮೇಜಿಗೆ ಬರುತ್ತದೆ.

ನಮ್ಮಲ್ಲೂ 224 ಸದಸ್ಯರ ವಿಧಾನಸಭೆ, 75 ಸದಸ್ಯರ ವಿಧಾನ ಪರಿಷತ್ತು ಎರಡರಲ್ಲೂ ಇದೇ ವ್ಯವಸ್ಥೆ ಇದೆ. ಅಧಿವೇಶನ ವಿಧಾನಸೌಧದಲ್ಲಿ ನಡೆದರೂ ಬೆಳಗಾವಿಯ ಸುವರ್ಣಸೌಧದಲ್ಲಿ ನಡೆದರೂ ಉತ್ತರದ ಹಾಳೆಯ ರೂಪ ಒಂದೇ. ಮೇಲೆ ಪ್ರಶ್ನೆಯ ಸಂಖ್ಯೆ, ಸದಸ್ಯರ ಹೆಸರು, ಉತ್ತರಿಸುವ ಸಚಿವರ ಹೆಸರು. ಕೆಳಗೆ ಎರಡು ಕಾಲಂ. ಎಡಗಡೆ (ಅ), (ಆ), (ಇ) ಎಂದು ಬಿಡಿಸಿದ ಪ್ರಶ್ನೆ, ಬಲಗಡೆ ಉತ್ತರ. ಪಟ್ಟಿ ಉದ್ದವಿದ್ದರೆ ‘ಅನುಬಂಧದಲ್ಲಿ ನೀಡಲಾಗಿದೆ’ ಎಂಬ ಸಾಲು. ಕನ್ನಡದಲ್ಲೇ ಇರುವುದರಿಂದ ಹಳ್ಳಿಯ ಕಾಲೇಜಿನಲ್ಲಿ ಓದಿದವರಿಗೂ ಓದಲು ತೊಡಕಿಲ್ಲ.

ಈ ಹಾಳೆಗಳಲ್ಲಿ ಎರಡು ಪದಗಳು ಮತ್ತೆ ಮತ್ತೆ ಸಿಗುತ್ತವೆ: ‘ಬಂದಿದೆ’ ಮತ್ತು ‘ಉದ್ಭವಿಸುವುದಿಲ್ಲ’. ಅವು ಹೇಗೆ ಬರುತ್ತವೆ ಎಂದು ತೋರಿಸಲು ನಾನೇ ಒಂದು ಉದಾಹರಣೆ ಕಟ್ಟಿದ್ದೇನೆ.

‘(ಅ) ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಉಪನ್ಯಾಸಕರ ಕೊರತೆಯಿಂದ ಪಾಠ ನಿಂತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’

ಇದಕ್ಕೆ ಸಿಗಬಹುದಾದ ಉತ್ತರಗಳು ಎರಡೇ. ಮೊದಲನೆಯದು: ‘ಬಂದಿದೆ. ಅತಿಥಿ ಉಪನ್ಯಾಸಕರ ಮೂಲಕ ಬೋಧನೆಗೆ ಕ್ರಮ ವಹಿಸಲಾಗಿದೆ.’ ಎರಡನೆಯದು: ‘ಪಾಠ ನಿಂತಿರುವುದು ಗಮನಕ್ಕೆ ಬಂದಿಲ್ಲ. ಉದ್ಭವಿಸುವುದಿಲ್ಲ.’ ಎರಡೂ ಸುಳ್ಳಲ್ಲ, ಎರಡರಿಂದಲೂ ಏನೂ ತಿಳಿಯುವುದಿಲ್ಲ. ಪ್ರಶ್ನೆ ‘ಗಮನಕ್ಕೆ ಬಂದಿದೆಯೇ’ ಎಂದು ಶುರುವಾದಾಗಲೇ ತಪ್ಪಿಸಿಕೊಳ್ಳುವ ಬಾಗಿಲು ತೆರೆದಾಯಿತು.

ಅದನ್ನೇ ಹೀಗೆ ಕೇಳಿದರೆ? ‘(ಅ) ನಮ್ಮ ಜಿಲ್ಲೆಯ ಪ್ರತಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಬೋಧಕ ಹುದ್ದೆಗಳು ಎಷ್ಟು? (ವಿಷಯವಾರು ವಿವರ ನೀಡುವುದು) (ಆ) ಪ್ರತಿ ಹುದ್ದೆ ಯಾವ ದಿನಾಂಕದಿಂದ ಖಾಲಿ ಇದೆ? (ಇ) ಭರ್ತಿಗೆ ಆರ್ಥಿಕ ಇಲಾಖೆಯ ಸಹಮತಿ ಕೋರಿದ ದಿನಾಂಕ ಯಾವುದು, ದೊರೆತ ದಿನಾಂಕ ಯಾವುದು?’ ಇಲ್ಲಿ ‘ಉದ್ಭವಿಸುವುದಿಲ್ಲ’ ಎನ್ನಲು ಜಾಗವಿಲ್ಲ. ಅಂಕಿ ಕೊಡಬೇಕು, ದಿನಾಂಕ ಕೊಡಬೇಕು. ಕಡತ ಯಾವ ಮೇಜಿನ ಮೇಲೆ ಎಷ್ಟು ತಿಂಗಳು ಕೂತಿದೆ ಎಂಬುದು ತಾನಾಗಿಯೇ ಹೊರಬರುತ್ತದೆ. ಕೆಸೆಟ್, ನೆಟ್ ಪಾಸು ಮಾಡಿಕೊಂಡು ಕಾಯುತ್ತಿರುವವರಿಗೂ, ಉಪನ್ಯಾಸಕರಿಲ್ಲದ ತರಗತಿಯಲ್ಲಿ ಕೂತವರಿಗೂ ಬೇಕಾಗಿರುವುದು ಈ ಎರಡನೇ ಪ್ರಶ್ನೆ.

ಹಣಕ್ಕೆ ಮೂರು ಅಂಕಿ

ಖರ್ಚಿನ ವಿಷಯಕ್ಕೆ ಬಂದರೆ ಒಂದು ಅಂಕಿ ಕೇಳಿದರೆ ಸಾಲದು, ಮೂರು ಕೇಳಬೇಕು: ಬಜೆಟ್‌ನಲ್ಲಿ ಮೀಸಲಿಟ್ಟದ್ದು, ಬಿಡುಗಡೆಯಾದದ್ದು, ನಿಜವಾಗಿ ಖರ್ಚಾದದ್ದು. ವಿದ್ಯಾರ್ಥಿವೇತನಕ್ಕೆ ‘ಇಷ್ಟು ಕೋಟಿ ಕೊಟ್ಟಿದ್ದೇವೆ’ ಎಂದು ಭಾಷಣದಲ್ಲಿ ಕೇಳುವುದು ಮೊದಲ ಅಂಕಿ. ನಮ್ಮ ಬ್ಯಾಂಕ್ ಖಾತೆಗೆ ಬರುವುದು ಮೂರನೆಯದರ ಪಾಲು.

ಇಲಾಖೆಗಳ ಹಣದ ಬೇಡಿಕೆಗೆ ಮತ ಹಾಕುವ ಅಧಿಕಾರ ಇರುವುದು ಕೆಳಮನೆಗೆ, ಅಂದರೆ ರಾಜ್ಯದಲ್ಲಿ ವಿಧಾನಸಭೆಗೆ. ಸಂಸತ್ತಿನಲ್ಲಿ ಇಲಾಖೆಯ ನೀತಿಯೇ ಸರಿಯಿಲ್ಲ ಎನಿಸಿದರೆ ಅದರ ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ ಎಂದೂ, ನಿರ್ದಿಷ್ಟ ಕುಂದುಕೊರತೆ ಎತ್ತಬೇಕಾದರೆ ನೂರು ರೂಪಾಯಿ ಕಡಿತ ಮಾಡಿ ಎಂದೂ ಸದಸ್ಯರು ಸೂಚನೆ ಮಂಡಿಸಬಹುದು. ಇವು ಗೆಲ್ಲುವುದು ಅಪರೂಪ. ಆದರೆ ಆ ನೆಪದಲ್ಲಿ ಇಲಾಖೆಯ ಕೆಲಸ ಚರ್ಚೆಗೆ ಬರುತ್ತದೆ.

ಖರ್ಚಾದ ಮೇಲೆ ಸಿಎಜಿ ಲೆಕ್ಕ ಪರಿಶೋಧನೆ ಮಾಡುತ್ತಾರೆ. ಆ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕೈಗೆತ್ತಿಕೊಂಡು ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ. ಸಂಸತ್ತಿನ ಸಮಿತಿಗೆ 1967ರಿಂದ ಪ್ರತಿಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ. ಖರ್ಚು ಮಾಡಿದವರ ಕೈಗೇ ಲೆಕ್ಕ ನೋಡುವ ಕೆಲಸ ಕೊಡಬಾರದು ಎಂಬ ಸರಳ ವಿವೇಕ ಅದು.

ಮಂತ್ರಿಯ ಕುರ್ಚಿ ಅಲುಗಿಸಿದ ಪ್ರಶ್ನೆ

‘ಕೇಳಿದರೆ ಏನಾಗುತ್ತೆ?’ ಎನ್ನುವವರಿಗೆ ಹಳೆಯ ಉದಾಹರಣೆಯೊಂದಿದೆ. ಜೀವ ವಿಮಾ ನಿಗಮ ಶುರುವಾದದ್ದು 1956ರಲ್ಲಿ. ಮರುವರ್ಷವೇ ಅದು ಹರಿದಾಸ್ ಮುಂದ್ರಾ ಎಂಬ ಉದ್ಯಮಿಗೆ ಸೇರಿದ, ಕುಸಿಯುತ್ತಿದ್ದ ಕಂಪನಿಗಳ ಷೇರುಗಳಿಗೆ ಸುಮಾರು 1.24 ಕೋಟಿ ರೂಪಾಯಿ ಹಾಕಿತು. ಅದು ಪಾಲಿಸಿದಾರರ, ಅಂದರೆ ಜನಸಾಮಾನ್ಯರ ಹಣ. ಲೋಕಸಭೆಯಲ್ಲಿ ಇದನ್ನು ಬೆನ್ನುಹತ್ತಿದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದವರೇ. ಪ್ರಧಾನಿ ನೆಹರೂ ಅವರ ಅಳಿಯ ಕೂಡ. ನಿವೃತ್ತ ಅಲ್ಲ, ಆಗ ಅಧಿಕಾರದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಬಾಂಬೆಯಲ್ಲಿ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಈ ಪ್ರಕರಣ ನನಗೆ ಮುಖ್ಯವಾಗಿ ಕಾಣುವುದು ಪ್ರಶ್ನೆ ಎದ್ದ ಕಡೆಗಾಗಿ. ಪ್ರಶ್ನೆ ಕೇಳುವುದು ಪ್ರತಿಪಕ್ಷದ ಕೆಲಸ ಮಾತ್ರ ಎಂದು ನಾವು ತಿಳಿಯುತ್ತೇವೆ. ಮಂತ್ರಿಯಲ್ಲದ ಪ್ರತಿಯೊಬ್ಬ ಸದಸ್ಯರಿಗೂ, ಅವರು ಆಡಳಿತ ಪಕ್ಷದವರಾದರೂ, ಆ ಹಕ್ಕಿದೆ.

‘ಪರಿಶೀಲನೆಯಲ್ಲಿದೆ’ ಎಂಬ ಸಾಲ

ನೇಮಕಾತಿಗೆ ಕಾಯುವವರು ಅತಿ ಹೆಚ್ಚು ಕೇಳಿ ಬೇಸತ್ತಿರುವ ಮಾತು ‘ಪರಿಶೀಲನೆಯಲ್ಲಿದೆ’. ಕಚೇರಿಯ ಕಿಟಕಿಯಲ್ಲಿ ಹೇಳಿದರೆ ಅದು ‘ಮನೆಗೆ ಹೋಗಿ’ ಎಂದರ್ಥ. ಆದರೆ ಲೋಕಸಭೆಯಲ್ಲಿ ಸಚಿವರು ‘ವಿಷಯ ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನಕ್ಕೆ ಕೊಡುತ್ತೇನೆ’ ಎಂದರೆ ಅದು ಭರವಸೆ ಎಂದೇ ದಾಖಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲದಿದ್ದರೆ ಹೆಚ್ಚಿನ ಸಮಯ ಕೇಳಬೇಕು. ಇದನ್ನು ನೋಡಿಕೊಳ್ಳಲು 1953ರಿಂದ ಒಂದು ಸಮಿತಿಯೇ ಇದೆ. ನಮ್ಮ ವಿಧಾನಮಂಡಲದಲ್ಲೂ ಭರವಸೆಗಳ ಸಮಿತಿಗಳಿವೆ. ವರ್ಷಗಟ್ಟಲೆ ಬಾಕಿ ಉಳಿಯುವ ಭರವಸೆಗಳೂ ಇವೆ ನಿಜ. ಆದರೆ ಬಾಕಿ ಇದೆ ಎಂಬ ಲೆಕ್ಕವಾದರೂ ಅಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ ಎನ್ನಲಾರೆ. ಗದ್ದಲದಲ್ಲಿ ಪ್ರಶ್ನೋತ್ತರ ಕೊಚ್ಚಿಹೋಗುವುದನ್ನು ನಾವೇ ಟಿವಿಯಲ್ಲಿ ನೋಡುತ್ತೇವೆ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲೇ ಕಾನೂನು ಮಾಡಿಕೊಂಡಿದೆ. ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರು ಸದಸ್ಯತ್ವ ಕಳೆದುಕೊಂಡರು. ಕೋವಿಡ್ ಕಾರಣಕ್ಕೆ 2020ರ ಸೆಪ್ಟೆಂಬರ್‌ನ ಸಂಸತ್ ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ. ಲಿಖಿತ ಉತ್ತರಗಳಷ್ಟೇ ಬಂದವು. ಒಂದು ದಿನ ಕಲಾಪ ಹಾಳಾದರೆ ಯಾವುದೋ ತಾಲ್ಲೂಕಿನ ಆಸ್ಪತ್ರೆ, ಯಾವುದೋ ಬಸ್ ಮಾರ್ಗದ ಬಗ್ಗೆ ಸಚಿವರನ್ನು ಎದುರಿಗೆ ನಿಲ್ಲಿಸಿ ಕೇಳುವ ಅವಕಾಶ ಹೋಯಿತೆಂದೇ ಲೆಕ್ಕ.

ನಮ್ಮ ಪಾಲಿನ ಕೆಲಸ

ಸದನದಲ್ಲಿ ಪ್ರಶ್ನೆ ಕೇಳುವ ಹಕ್ಕು ಸದಸ್ಯರದು. ಆದರೆ ಪ್ರಶ್ನೆಯ ಕಚ್ಚಾ ಮಾಲು ಇರುವುದು ನಮ್ಮ ಬಳಿ. ಹಾಸ್ಟೆಲ್‌ನಲ್ಲಿ ಎಷ್ಟು ಮಂದಿ ಒಂದು ಕೋಣೆಯಲ್ಲಿದ್ದಾರೆ, ಯಾವ ಪ್ರಯೋಗಾಲಯಕ್ಕೆ ಬೀಗ ಬಿದ್ದಿದೆ, ಯಾವ ಪರೀಕ್ಷೆಯ ಫಲಿತಾಂಶ ಎಷ್ಟು ತಿಂಗಳಿಂದ ಬಂದಿಲ್ಲ ಎಂಬುದು ಶಾಸಕರಿಗಿಂತ ಚೆನ್ನಾಗಿ ನಮಗೆ ಗೊತ್ತು. ‘ಸಾರ್, ನಮ್ಮ ಸಮಸ್ಯೆ ಬಗೆಹರಿಸಿ’ ಎಂಬ ಮನವಿಗಿಂತ (ಅ), (ಆ), (ಇ) ಎಂದು ಬಿಡಿಸಿ ಬರೆದ ಪ್ರಶ್ನೆಯನ್ನು ಅವರ ಆಪ್ತ ಸಹಾಯಕರ ಕೈಗೆ ಕೊಟ್ಟರೆ ಅದು ಸದನ ಮುಟ್ಟುವ ಸಾಧ್ಯತೆ ಹೆಚ್ಚು.

ನಿಮ್ಮ ಶಾಸಕರು ಮಂತ್ರಿಯಾಗಿದ್ದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಉತ್ತರಿಸುವ ಕಡೆ ಇರುತ್ತಾರೆ. ಆಗ ವಿಧಾನ ಪರಿಷತ್ ಸದಸ್ಯರನ್ನು ಹುಡುಕಬಹುದು. ರಾಜ್ಯದಲ್ಲಿ ಏಳು ಪದವೀಧರ ಕ್ಷೇತ್ರಗಳಿವೆ. ಪದವಿ ಮುಗಿಸಿ ಮೂರು ವರ್ಷವಾದವರು ಮತದಾರರಾಗಿ ಹೆಸರು ಸೇರಿಸಬಹುದು. ಸಾಮಾನ್ಯ ಮತದಾರರ ಪಟ್ಟಿಯಲ್ಲಿದ್ದರೆ ಸಾಲದು, ಇದಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಪದವೀಧರರ ಮತದಿಂದಲೇ ಮೇಲ್ಮನೆಗೆ ಹೋದವರನ್ನು ಪದವೀಧರರ ಕೆಲಸದ ಬಗ್ಗೆ ಪ್ರಶ್ನೆ ಕೇಳಿ ಎನ್ನಲು ನಮಗೆ ಸಂಕೋಚ ಬೇಡ.

ಉತ್ತರ ಬಂದ ಮೇಲೂ ಕೆಲಸ ಇದೆ. ಅದನ್ನು ಡೌನ್‌ಲೋಡ್ ಮಾಡಿ ಅನುಬಂಧ ಓದಿ, ನಿಮ್ಮ ಊರಿನ ಸಾಲು ಸರಿಯಿದೆಯೇ ನೋಡಿ. ‘ಕಾಮಗಾರಿ ಪೂರ್ಣಗೊಂಡಿದೆ’ ಎಂದು ಬರೆದಿರುವ ಕಟ್ಟಡಕ್ಕೆ ಚಾವಣಿ ಇಲ್ಲದಿದ್ದರೆ ಮುಂದಿನ ಪ್ರಶ್ನೆ ತಯಾರಾಯಿತು. ಕಡತದ ಪ್ರತಿ ಬೇಕಿದ್ದರೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ. ಅದು ದಾಖಲೆ ಕೊಡುತ್ತದೆ. ‘ಹೀಗೇಕಾಯಿತು’ ಎಂದು ಸಚಿವರಿಂದಲೇ ಹೇಳಿಸಲು ಸದನವೇ ಬೇಕು. ಎರಡನ್ನೂ ಜೋಡಿಸಿ ಬಳಸಿದರೆ ಬಲ ಹೆಚ್ಚು.

ಮುಂದಿನ ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಗೆಳೆಯರು ನಾಲ್ಕು ಜನ ಕೂತು ಒಂದು ಪ್ರಶ್ನೆ ಬರೆಯಿರಿ. ಎಷ್ಟು, ಎಲ್ಲಿ, ಯಾವಾಗಿನಿಂದ, ಯಾವ ದಿನಾಂಕದೊಳಗೆ ಎಂಬ ನಾಲ್ಕು ಮಾತು ಅದರಲ್ಲಿರಲಿ. ‘ಗಮನಕ್ಕೆ ಬಂದಿದೆಯೇ’ ಎಂಬುದು ಮಾತ್ರ ಬೇಡ.