ಮಠಗಳಿಗೆ ಗುರುಗಳನ್ನು ಕೊಟ್ಟ ಗುರು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು ಬೈಲಹೊಂಗಲಗಳ ಸೀಮೆಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಗುಡ್ಡಗಳ ಸಂದಿಯಲ್ಲಿ ನುಸುಳಿ, ರಾಮದುರ್ಗವನ್ನು ಮುಟ್ಟಿ ಪೂರ್ವಾಭಿಮುಖವಾಗಿ ಹರಿಯುವ ಮಲಪ್ರಭೆಯು ಪಟ್ಟದಕಲ್ಲನ್ನು ಸೇರುವ ಮುನ್ನ ಬಾದಾಮಿಯ ಸಮೀಪದಲ್ಲಿ ಒಂದು ವಿದ್ಯಾಕ್ಷೇತ್ರದ ಮೆಟ್ಟಿಲುಗಳನ್ನು ತೊಳೆದು ಹೋಗುತ್ತದೆ. ಅದೇ ಶಿವಯೋಗಮಂದಿರ. ನಮ್ಮ ಸೀಮೆಯ ವಿರಕ್ತಮಠಗಳ ಸ್ವಾಮಿಗಳು ಎಲ್ಲಿ ಓದಿದರು, ಯಾರ ಕೈಯಲ್ಲಿ ಪಳಗಿದರು ಎಂದು ವಿಚಾರಿಸುತ್ತ ಹೋದವನು ಎಷ್ಟೋ ಸಲ ಈ ನದೀತೀರಕ್ಕೇ ಬಂದು ನಿಲ್ಲಬೇಕಾಗುತ್ತದೆ.

ಧರ್ಮವಿದ್ಯೆಯನ್ನು ಕಲಿಸುವ ಇಂತಹ ಪೀಠಗಳು ಅನ್ಯ ಜನಾಂಗಗಳಲ್ಲಿಯೂ ಉಂಟು. ಯಹೂದ್ಯರು ತಮ್ಮ ಪಾಠಶಾಲೆಯನ್ನು ಯೆಶಿವಾ ಎಂದೂ ಅದರ ಮುಖ್ಯಸ್ಥನನ್ನು ರೋಶ್ ಯೆಶಿವಾ ಎಂದೂ ಕರೆಯುತ್ತಾರೆ. ತಾಲ್ಮುಡ್ ಎಂಬ ಮಹಾಗ್ರಂಥವನ್ನು ಜೋಡಿಜೋಡಿಯಾಗಿ ಕುಳಿತು ವಾದಿಸುತ್ತ ಓದಿದ ವಿದ್ಯಾರ್ಥಿಗಳಿಗೆ, ಅದರ ಕ್ಲಿಷ್ಟ ಭಾಗಗಳ ಮೇಲೆ ಪ್ರವಚನ ಮಾಡುವುದು ಅವನ ಮೊದಲ ಕರ್ತವ್ಯ. ಅವರ ಅನ್ನವಸ್ತ್ರಗಳ ಚಿಂತೆಯೂ ಬಹುಮಟ್ಟಿಗೆ ಅವನದೇ. ರಬ್ಬಿ ಹಾಯಿಮ್ ಎಂಬ ಪಂಡಿತನು 1803ರಲ್ಲಿ, ಇಂದಿನ ಬೆಲಾರೂಸಿನಲ್ಲಿರುವ ವೊಲೊಝಿನ್ ಎಂಬ ಊರಿನಲ್ಲಿ ಸ್ಥಾಪಿಸಿದ ಯೆಶಿವಾವು ಆ ಒಂದೂರಿನ ಔದಾರ್ಯವನ್ನೇ ನೆಚ್ಚದೆ, ದೂರದೂರದ ಸಮಾಜಗಳಿಂದ ದ್ರವ್ಯವನ್ನು ಸಂಗ್ರಹಿಸಿ ನಡೆಯಿತು. ಅಲ್ಲಿ ದ್ರವ್ಯ ಕೂಡಿಸುವ ಸಂದೇಶವಾಹಕರ ಚೀಲವಿದ್ದಂತೆ ಇಲ್ಲಿ, ಶಿವಯೋಗಮಂದಿರದಲ್ಲಿ, ಭಿಕ್ಷೆಯ ಜೋಳಿಗೆಯಿತ್ತು. ಆ ಜೋಳಿಗೆಯನ್ನು ಹೆಗಲಿಗೇರಿಸಿದವರು ಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು.

1867ರಲ್ಲಿ ರಾಣೆಬೆನ್ನೂರು ಸೀಮೆಯ ಜೋಯಿಸರಹರಳಹಳ್ಳಿಯಲ್ಲಿ ಹಾಲಯ್ಯನೆಂಬ ಹೆಸರಿನಿಂದ ಹುಟ್ಟಿದ ಈ ಮಹನೀಯರು ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ವೇದಾಂತಶ್ರವಣ ಮಾಡಿ, ಬಳಿಕ ಯಳಂದೂರು ಬಸವಲಿಂಗ ಶಿವಯೋಗಿಗಳನ್ನು ಆಶ್ರಯಿಸಿ, ಹಾನಗಲ್ಲ ವಿರಕ್ತಮಠದ ಅಧಿಕಾರವನ್ನು ವಹಿಸಿದರು. ತಮ್ಮ ಪೀಠದಲ್ಲಿ ನೆಮ್ಮದಿಯಾಗಿ ಕುಳಿತಿರಬಹುದಾಗಿತ್ತು. ಆದರೆ ಸುತ್ತಲಿನ ಮಠಗಳಲ್ಲಿ ಗದ್ದುಗೆಗಳಿದ್ದೂ ಓದಿದ ಗುರುಗಳಿಲ್ಲದಿರುವುದನ್ನು ಕಂಡು ಅವರ ಮನಸ್ಸು ನೊಂದಿತು. 1904ರಲ್ಲಿ ಅವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ನೆರೆದಾಗ ಅಧ್ಯಕ್ಷಸ್ಥಾನವನ್ನು ಅಲಂಕರಿಸಿದವರು ನಮ್ಮ ಸವದತ್ತಿ ತಾಲ್ಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರೆಂಬುದನ್ನು ಅಭಿಮಾನದಿಂದ ನೆನೆಯಬೇಕು. ಸಂಸ್ಥಾನದ ಸಂಪತ್ತನ್ನೇ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಅವರು ತೀರಿಕೊಂಡರು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಮಂದಿರವು ತಲೆಯೆತ್ತಿದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. ಸ್ಥಳವನ್ನು ಆರಿಸುವಲ್ಲಿ ಇಳಕಲ್ಲಿನ ವಿಜಯಮಹಾಂತ ಶಿವಯೋಗಿಗಳ ಒತ್ತಾಸೆಯಿತ್ತೆಂದು ಹಿರಿಯರು ಹೇಳುತ್ತಾರೆ.

ಮಂದಿರಕ್ಕೆ ಬಂದ ವಟುಗಳಿಗೆ ಸ್ನಾನ, ಲಿಂಗಪೂಜೆ, ಯೋಗಾಭ್ಯಾಸ, ಸಂಸ್ಕೃತ, ವಚನವಾಙ್ಮಯ, ಪ್ರವಚನಕಲೆ, ಸಂಗೀತ ಇವೆಲ್ಲವೂ ಉಂಟು. ತಾಳೆಗರಿಗಳ ಸಂಗ್ರಹವೂ ಉಂಟು. ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅಲ್ಲಿಯ ವಿಭೂತಿ. ಗೋಶಾಲೆಯ ಹಸುಗಳ ಸಗಣಿಯನ್ನು ಶುಚಿಯಾಗಿ ಸಂಗ್ರಹಿಸಿ, ಉಂಡೆಗಟ್ಟಿ, ಬಿಸಿಲಿಗೆ ಒಣಗಿಸಿ, ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ ಬಟ್ಟೆಯಲ್ಲಿ ಸೋಸುತ್ತಾರೆ. ತಿಳಿನೀರು ಮೇಲೆ ನಿಂತು ಕೆಳಗೆ ಇಳಿದ ನುಣ್ಣನೆಯ ಕೆಸರನ್ನು ಗಟ್ಟಿ ಮಾಡಿ ಮತ್ತೆ ಒಣಗಿಸುತ್ತಾರೆ. ಬೆರಳಿಗೆ ಹಿಡಿದರೆ ಹರಳು ಸಿಕ್ಕದ ಆ ಬಿಳಿಯ ಗಟ್ಟಿಯು ನಮ್ಮ ಕಡೆಯ ಮನೆಮನೆಯ ದೇವರ ಜಗಲಿಯನ್ನು ಮುಟ್ಟಿದೆ. ಓದುವ ಹುಡುಗನ ಕಣ್ಣೆದುರಿಗೇ ಹಣೆಯ ಮೇಲಿನ ಭಸ್ಮವು ಕೈದುಡಿಮೆಯಿಂದ ಸಿದ್ಧವಾಗುವುದು ಗ್ರಂಥಪಾಠಕ್ಕೆ ಕಡಿಮೆಯಾದ ಶಿಕ್ಷಣವೆಂದು ನನಗೆ ತೋರುವುದಿಲ್ಲ.

ಕುಮಾರಸ್ವಾಮಿಗಳ ದೊಡ್ಡತನವಿರುವುದು ತಾವು ಬೆಳೆಸಿದವರನ್ನು ತಮ್ಮಲ್ಲೇ ಇರಿಸಿಕೊಳ್ಳದೆ ಕೊಟ್ಟುಬಿಟ್ಟುದರಲ್ಲಿ. ಭಿಕ್ಷೆ ತಮ್ಮದು, ಶ್ರಮ ತಮ್ಮದು. ಶಿಷ್ಯನು ಮಾತ್ರ ಬೇರೊಂದು ಊರಿನ ಮಠಕ್ಕೆ, ಅಲ್ಲಿಯ ಭಕ್ತರಿಗೆ. ಕಣ್ಣಿಲ್ಲದ ಬಾಲಕನನ್ನು ಕರೆತಂದು ಸಂಗೀತ ಕಲಿಸಿ, ಗದುಗಿನ ಪಂಚಾಕ್ಷರಿ ಗವಾಯಿಗಳೆಂದು ನಾಡು ಕೈಮುಗಿಯುವಂತೆ ಮಾಡಿದುದೂ ಈ ದಾನಬುದ್ಧಿಯೇ. 1930ರಲ್ಲಿ ಕುಮಾರಸ್ವಾಮಿಗಳು ಲಿಂಗೈಕ್ಯರಾದರು; ಗದ್ದುಗೆ ಮಂದಿರದಲ್ಲಿಯೇ ಇದೆ. ಬೈಲಹೊಂಗಲ ತಾಲ್ಲೂಕಿನ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಬಡ ಹುಡುಗರಿಗೆ ಉಚಿತ ಪ್ರಸಾದನಿಲಯವನ್ನು ತೆರೆದಾಗಲೂ, ಸ್ವಾಮಿಯಾದವನು ಮಕ್ಕಳ ಓದಿಗಾಗಿ ಬೇಡಲು ನಾಚಬೇಕಿಲ್ಲವೆಂಬ ಅದೇ ಧೈರ್ಯ ನಾಡಿನಲ್ಲಿ ನೆಲೆನಿಂತಿತ್ತು.

ಮಗನನ್ನು ಮಠಕ್ಕೆ ಒಪ್ಪಿಸುವ ಮನೆಗಳು ಈಗ ವಿರಳವಾಗುತ್ತಿವೆಯೆಂದು ವೃದ್ಧರು ನಿಟ್ಟುಸಿರಿಡುವುದನ್ನು ಕೇಳಿದ್ದೇನೆ. ಕಾಲೇಜಿನ ಪದವಿಯನ್ನು ನಾನು ಕಡೆಗಣಿಸುವವನಲ್ಲ. ಆದರೆ ಗುರುವಿನೊಡನೆ ಒಂದೇ ಸೂರಿನಡಿ ಹಲವು ವರ್ಷ ಕಳೆದು ಬರುವ ವಿನಯವನ್ನು ಯಾವ ಪರೀಕ್ಷೆಯೂ ಕೊಡಲಾರದು. ಬನದ ಹುಣ್ಣಿಮೆಗೆ ರಾಮದುರ್ಗದ ದಾರಿಯಾಗಿ ಬನಶಂಕರಿಯ ಜಾತ್ರೆಗೆ ಹೊರಡುವವರು ಒಂದು ದಿನ ಮುಂಚಿತವಾಗಿಯೇ ಹೊರಟು, ಮಕ್ಕಳನ್ನೂ ಜೊತೆಗೆ ಕರೆದುಕೊಂಡು, ಮಂದಿರದ ಗೋಶಾಲೆಯನ್ನೂ ವಟುಗಳ ಪಾಠವನ್ನೂ ಕಣ್ಣಾರೆ ನೋಡಿಯೇ ಜಾತ್ರೆಗೆ ಹೋಗಲಿ ಎಂಬುದು ನನ್ನ ಬಹುದಿನದ ಆಸೆ.