ಕಾದಂಬರಿ ತಾನಾಗಿ ಬರೆಸಿಕೊಳ್ಳುವುದೆಂಬ ಭ್ರಮೆ

ಹಾವೇರಿ, ರಾಣೆಬೆನ್ನೂರುಗಳ ಸಾಹಿತ್ಯಗೋಷ್ಠಿಗಳಲ್ಲಿ ಕಾದಂಬರಿಯ ಪ್ರಸ್ತಾಪ ಬಂದೊಡನೆ ಯಾರಾದರೊಬ್ಬ ತರುಣ ಲೇಖಕನು ಎದ್ದು, ಪಾತ್ರಗಳು ತಮ್ಮ ದಾರಿಯನ್ನು ತಾವೇ ಹಿಡಿಯುವುವೆಂದೂ, ಬರೆಯುವ ಮುನ್ನ ಕಥೆಯ ಬಂಧವನ್ನು ಯೋಚಿಸುವವನು ಕಲಾವಿದನಲ್ಲ, ಕಾರಕೂನನೆಂದೂ ಸಾರುವನು, ಸಭೆಯು ತಲೆದೂಗುವುದು. ಹೀಗೆ ಸಾರುವವರ ಕಾದಂಬರಿ ಬಹುಮಟ್ಟಿಗೆ ನಾಲ್ಕನೆಯ ಪ್ರಕರಣದಲ್ಲಿಯೇ ನಿಂತಿರುವುದೇಕೆಂದು ಮಾತ್ರ ಯಾರೂ ಕೇಳರು.

ಈ ಮಾತು ಗಳಗನಾಥರ (1869–1942) ನಾಡಿನಲ್ಲಿಯೇ ಕೇಳಿಬರುವುದು ವಿನೋದದ ಸಂಗತಿ. ಅಗಡಿಯ ‘ಸದ್ಬೋಧ ಚಂದ್ರಿಕೆ’ಯ ಆ ಸಂಪಾದಕರು ‘ಮಾಧವ ಕರುಣಾ ವಿಲಾಸ’ಕ್ಕೆ ಆರಿಸಿಕೊಂಡದ್ದು ವಿಜಯನಗರದ ಸ್ಥಾಪನೆಯನ್ನು; ಅಂತ್ಯವು ಓದುಗನಿಗೆ ಮೊದಲೇ ತಿಳಿದಿರುವ ಇಂಥ ವಸ್ತುವಿನಲ್ಲಿ, ಎಲ್ಲಿಂದ ತೊಡಗಬೇಕು, ಯಾವುದನ್ನು ಎಷ್ಟು ಕಾಲ ಮರೆಮಾಡಬೇಕು ಎಂಬ ನಿರ್ಣಯವಲ್ಲದೆ ಕುತೂಹಲಕ್ಕೆ ಬೇರೆ ಆಧಾರವೆಲ್ಲಿಯದು?

ಬಂಧವು ಕಥೆಯ ಹೊರಗಿನ ಪಂಜರವಲ್ಲ. ಅರ್ಥವು ಹುಟ್ಟುವುದೇ ಅದರಿಂದ. ಭೈರಪ್ಪನವರ ‘ವಂಶವೃಕ್ಷ’ (1965) ಶ್ರೋತ್ರಿಗಳ ಮನೆಯನ್ನೂ ಸದಾಶಿವರಾಯರ ಮನೆಯನ್ನೂ ಜೊತೆಜೊತೆಯಾಗಿ ನಡೆಸುತ್ತದೆ. ವಿಧವೆ ಸೊಸೆ ಕಾತ್ಯಾಯಿನಿಯ ಪುನರ್ವಿವಾಹವನ್ನು ವಂಶಧರ್ಮದ ದೃಷ್ಟಿಯಿಂದ ಕಂಡ ಶ್ರೋತ್ರಿಗಳಿಗೆ ತಮ್ಮ ಜನ್ಮದ ರಹಸ್ಯವೇ ತಿಳಿಯುವುದು ಕೃತಿ ಮುಗಿಯಲಿರುವಾಗ. ಆ ಸಂಗತಿಯನ್ನು ಮೊದಲ ಪ್ರಕರಣಕ್ಕೆ ತಂದರೆ ಅವರ ನಿಷ್ಠೆಯೆಲ್ಲ ಕಪಟವಾಗಿ ತೋರುವುದು. ಘಟನೆಗಳು ಅವೇ, ಕಾದಂಬರಿ ಮಾತ್ರ ಬೇರೆ. ನಾಯಕನಿಲ್ಲದ ‘ಮಲೆಗಳಲ್ಲಿ ಮದುಮಗಳು’ (1967) ಬಂಧವಿಲ್ಲದ ಕೃತಿಯೆನ್ನುವವರೂ ಉಂಟು. ಗುತ್ತಿ–ತಿಮ್ಮಿ, ಮುಕುಂದಯ್ಯ–ಚಿನ್ನಮ್ಮ, ಐತ–ಪೀಂಚಲು ಜೋಡಿಗಳ ಎಳೆಗಳು ಒಂದನ್ನೊಂದು ಎಲ್ಲೆಲ್ಲಿ ಹಾಯುತ್ತವೆಂದು ಅವರು ಗುರುತಿಸಿ ನೋಡಿದಂತಿಲ್ಲ.

ಬೇಗ ಬರೆದವನು ಯೋಚಿಸದೆ ಬರೆದನೆಂಬುದೂ ಸುಳ್ಳು, ಮನಸ್ಸಿನಲ್ಲಿ ಪಕ್ವವಾದುದು ಕಾಗದಕ್ಕೆ ಬೇಗ ಇಳಿಯುವುದು. ಹಾಕಿಕೊಂಡ ನಕ್ಷೆಯನ್ನು ಮೀರಬಾರದೆಂಬುದೂ ಸುಳ್ಳು, ಮೀರಿದೆನೆಂದು ತಿಳಿಯುವುದಕ್ಕಾದರೂ ನಕ್ಷೆ ಬೇಕು.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮುರಿದು ಪರೀಕ್ಷಿಸದೆ ಬೆಲೆ ಕಟ್ಟದ ಜನವೇ, ಲೇಖಕನು ತನ್ನ ಸ್ಫೂರ್ತಿಯನ್ನು ಕುರಿತು ಮುನ್ನುಡಿಯಲ್ಲಿ ಹೇಳಿಕೊಂಡುದನ್ನೆಲ್ಲ ಕಣ್ಣುಮುಚ್ಚಿ ನಂಬುವುದು ನನಗೆ ಅರ್ಥವಾಗದ ಸಂಗತಿ. ಪ್ರತಿಭೆಯೆಂದರೆ ಮೈಮೇಲೆ ಬರುವ ದೈವವೆಂದು ತಿಳಿದವರಿಗೆ, ಹೊಡೆದುಹಾಕಿದ ಪುಟಗಳ ಕಥೆ ರುಚಿಸುವುದಿಲ್ಲ.

ಇನ್ನೂ ಸಂಶಯವುಳ್ಳವರು ‘ವಂಶವೃಕ್ಷ’ದ ಕೊನೆಯ ಪ್ರಕರಣಗಳನ್ನು ಮೊದಲು ಓದಿ, ಅನಂತರ ಆದಿಯಿಂದ ತೊಡಗಿ ನೋಡಲಿ.